ರೈತನ ಮಡಚು ಚಾಕು: ಮೊದಲು ಲಾಕು, ಆಮೇಲೆ ಬಾಯಿ

ಹೊಲಕ್ಕೆ ಹೊರಟ ರೈತನ ಕೈಯಲ್ಲಿ ಕುಡುಗೋಲು ಇರಲಿ, ಬಿಡಲಿ, ಜೇಬಿನಲ್ಲಿ ಒಂದು ಚಾಕು ಇದ್ದರೆ ಅರ್ಧ ಕೆಲಸ ಆದಂತೆಯೇ. ಗೊಬ್ಬರದ ಚೀಲದ ಬಾಯಿ ಬಿಚ್ಚಬೇಕು, ಹನಿ ನೀರಾವರಿಯ ಕೊಳವೆ ಕೊಯ್ಯಬೇಕು, ಹತ್ತಿಯ ಅಂಡಿಗೆಯ ಹುರಿ ಕತ್ತರಿಸಬೇಕು, ಬೇವಿನ ಕಡ್ಡಿ ಮುರಿಯಬೇಕು, ಗಾಡಿಯ ಹಗ್ಗದ ಗಂಟು ಕೊಯ್ಯಬೇಕು. ಇವೆಲ್ಲಕ್ಕೂ ಮನೆಗೆ ಓಡಿಹೋಗಿ ಬರುವುದು ಆಗದ ಮಾತು. ಆದುದರಿಂದಲೇ ಆದೋನಿ, ಆಲೂರು, ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯ ನಮ್ಮ ಊರುಗಳಲ್ಲಿ ದೊಡ್ಡ ಮಡಚು ಚಾಕನ್ನು ಜೇಬಿನಲ್ಲಿಟ್ಟುಕೊಳ್ಳುವ ರೈತರು ಬಹಳ ಮಂದಿ ಇದ್ದಾರೆ.

ಆದರೆ ಎತ್ತನ್ನು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಬೀಜ ಕೊಳ್ಳುವಾಗ ಮೊಳಕೆ ಬರಿಸಿ ನೋಡುತ್ತೇವೆ. ಚಾಕನ್ನು ಮಾತ್ರ ಹೊಳಪು ನೋಡಿ ಕೊಂಡು ಜೇಬಿಗೆ ಹಾಕಿಬಿಡುತ್ತೇವೆ. ಇದು ಸರಿಯಲ್ಲ. ಏತಕ್ಕೆ ಸರಿಯಲ್ಲವೆಂಬುದನ್ನು ನಾನು ನನ್ನ ಬೆರಳು ಕೊಟ್ಟು ಕಲಿತವನು. ಆ ಪಾಠವನ್ನು ಓದುಗರು ಬೆರಳು ಕೊಡದೆ ಕಲಿಯಲಿ ಎಂಬುದೇ ಈ ಬರಹದ ಉದ್ದೇಶ.

ನಡೆದ ಸಂಗತಿ

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಶಾಲೆ ಬಿಟ್ಟು ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ನಮ್ಮ ಎಡಗಡೆಯ ಎತ್ತು ನೆಲಕ್ಕೆ ಬಿದ್ದಿತ್ತು. ನೈಲಾನ್ ಕಣ್ಣಿ ಗೋದಲಿಯ ಗೂಟಕ್ಕೂ ಕುತ್ತಿಗೆಗೂ ಸುತ್ತಿಕೊಂಡು ಬಿಗಿದಿತ್ತು. ಎತ್ತಿನ ನಾಲಿಗೆ ಹೊರಬಂದಿತ್ತು. ಗಂಟು ಬಿಚ್ಚುವ ಹೊತ್ತಲ್ಲ ಅದು. ಸಂತೆಯಲ್ಲಿ ಕೊಂಡ ಹೊಸ ಚಾಕು ಜೇಬಿನಲ್ಲಿತ್ತು. ತೆಗೆದು ಹಗ್ಗದ ಕೆಳಗೆ ಅಲಗನ್ನು ತೂರಿಸಿದೆ. ಎತ್ತು ಒಮ್ಮೆ ಕೊಸರಿತು. ಅದರ ಕೊಂಬು ಅಲಗಿನ ಬೆನ್ನಿಗೆ ಬಡಿಯಿತು. ತೆರೆದು ನಿಲ್ಲಬೇಕಾಗಿದ್ದ ಅಲಗು ಜಾರಿ, ಹಿಡಿಯ ಒಳಗೆ ಮಡಚಿಕೊಂಡಿತು. ನಡುವೆ ಇದ್ದದ್ದು ನನ್ನ ತೋರುಬೆರಳು.

ಪಕ್ಕದ ಮನೆಯ ಹಿರಿಯ ರೈತರು ಕೂಗು ಕೇಳಿ ಕುಡುಗೋಲು ಹಿಡಿದು ಬಂದು ಹಗ್ಗ ಕೊಯ್ದರು. ಎತ್ತು ಉಳಿಯಿತು. ನನ್ನ ಬೆರಳಿಗೆ ಹೊಲಿಗೆ ಬಿತ್ತು. ಎರಡು ತಿಂಗಳು ಬೋರ್ಡಿನ ಮೇಲೆ ನೆಟ್ಟಗೆ ಒಂದು ಅಕ್ಷರ ಬರೆಯಲಾಗಲಿಲ್ಲ. ಇಂದಿಗೂ ಆ ಬೆರಳು ಪೂರ್ತಿ ಬಾಗುವುದಿಲ್ಲ. ಆ ಹಿರಿಯರು ಚಾಕನ್ನು ಎತ್ತಿ ನೋಡಿ, "ಮೇಷ್ಟ್ರೆ, ಹೊಳಪು ನೋಡಿ ತಂದೀರಿ, ಬಿಗಿ ನೋಡಿಲ್ಲ" ಎಂದರು. ಚಿನ್ನದ ಚೂರಿಯೆಂದು ಕುತ್ತಿಗೆ ಕೊಯ್ದುಕೊಳ್ಳಬಾರದು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟವನು ನಾನೇ.

ಚಾಕಿನ ಅಂಗಗಳು

ಮಡಚು ಚಾಕಿಗೆ ಮುಖ್ಯವಾಗಿ ನಾಲ್ಕು ಅಂಗಗಳು: ಅಲಗು, ಹಿಡಿ, ಅಲಗು ತಿರುಗುವ ಮೊಳೆ ಮತ್ತು ತೆರೆದ ಅಲಗನ್ನು ತಡೆದು ನಿಲ್ಲಿಸುವ ಲಾಕು. ಅಲಗಿಗೆ ಕೊಯ್ಯುವ ಕಡೆ ಬಾಯಿ, ಅದರ ಹಿಂದಿನ ದಪ್ಪ ಕಡೆ ಬೆನ್ನು.

ಇಲ್ಲಿ ಒಂದು ತತ್ತ್ವವನ್ನು ಮನಸ್ಸಿನಲ್ಲಿಡಬೇಕು. ಬಾಯಿಯಿಂದ ಕೊಯ್ಯುವಾಗ ಒತ್ತಡವು ಅಲಗನ್ನು ಇನ್ನಷ್ಟು ತೆರೆಯುವ ಕಡೆಗೆ ತಳ್ಳುತ್ತದೆ. ಆಗ ಲಾಕು ಕೆಟ್ಟದಾಗಿದ್ದರೂ ಅಪಾಯ ತೋರುವುದಿಲ್ಲ. ಬೆನ್ನಿನ ಮೇಲೆ ಒತ್ತಡ ಬಿದ್ದಾಗ, ತುದಿ ಎಲ್ಲಿಯಾದರೂ ಸಿಕ್ಕಿಕೊಂಡಾಗ, ಅಥವಾ ಸಿಕ್ಕ ಅಲಗನ್ನು ತಿರುಚಿ ಕೀಳುವಾಗ ಅಲಗು ಮಡಚಿಕೊಳ್ಳುವ ಕಡೆಗೆ ತಿರುಗುತ್ತದೆ. ಆಗ ನಮ್ಮ ಬೆರಳನ್ನು ಕಾಯುವುದು ಲಾಕು ಒಂದೇ. ನೂರು ದಿನ ಚೆನ್ನಾಗಿ ಕೊಯ್ದ ಚಾಕು ನೂರೊಂದನೆಯ ದಿನ ಕೈ ಕೊಯ್ಯುವುದು ಹೀಗೆ.

ಲಾಕುಗಳಲ್ಲಿ ನಾಲ್ಕು ಬಗೆ ಹೆಚ್ಚಾಗಿ ಕಾಣುತ್ತವೆ. ಮೊದಲನೆಯದರಲ್ಲಿ ನಿಜವಾದ ಲಾಕೇ ಇಲ್ಲ; ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ಪಟ್ಟಿಯ ಬಿಗಿ ಮಾತ್ರ ಇರುತ್ತದೆ. ಹಣ್ಣು ಕೊಯ್ಯಲು, ಕಾಗದ ಕತ್ತರಿಸಲು ಸಾಕು; ದನದ ಕೊಟ್ಟಿಗೆಗೆ ಸಾಲದು. ಎರಡನೆಯದು ಬೆನ್ನಿನ ಲಾಕು. ಹಿಡಿಯ ಹಿಂಭಾಗದ ಪಟ್ಟಿಯ ಕೊಕ್ಕೆ ಅಲಗಿನ ಕಚ್ಚಿನಲ್ಲಿ ಕುಳಿತುಕೊಳ್ಳುತ್ತದೆ, ಪಟ್ಟಿಯನ್ನು ಒತ್ತಿದರೆ ಮಾತ್ರ ಬಿಡುತ್ತದೆ. ಅಮೆರಿಕದ ಬಕ್ ಕಂಪನಿ 1960ರ ದಶಕದಲ್ಲಿ ತಂದ ದೊಡ್ಡ ಮಡಚು ಚಾಕಿನಿಂದ ಈ ಬಗೆ ಬಹಳ ಜನಪ್ರಿಯವಾಯಿತು. ಮೂರನೆಯದರಲ್ಲಿ ಹಿಡಿಯ ಒಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಸಿ ನಿಲ್ಲುತ್ತದೆ. ತಗಡು ತೆಳ್ಳಗಿದ್ದರೆ ಇದನ್ನು ನಂಬಬೇಡಿರಿ.

ನಾಲ್ಕನೆಯದು ಉಂಗುರದ ಲಾಕು. ಇದರ ಕಥೆ ರೈತರಿಗೆ ಸೇರಿದ್ದು. ಫ್ರಾನ್ಸ್ ದೇಶದ ಸವೊಯ್ ಎಂಬ ಬೆಟ್ಟನಾಡಿನಲ್ಲಿ ಜೋಸೆಫ್ ಒಪಿನೆಲ್ ಎಂಬವನು 1890ರಲ್ಲಿ ಮರದ ಹಿಡಿಯ ಸರಳವಾದ ಮಡಚು ಚಾಕನ್ನು ಮಾಡಿದನು. 1897ರಲ್ಲಿ ಅದನ್ನು ಬೇರೆ ಬೇರೆ ಅಳತೆಗಳಲ್ಲಿ, ನಂಬರು ಕೊಟ್ಟು ಮಾಡತೊಡಗಿದನು. ಅಲ್ಲಿನ ರೈತರ ಜೇಬಿನಲ್ಲಿ ಅದು ಮನೆಮಾತಾಯಿತು. 1955ರಲ್ಲಿ ಆ ಚಾಕಿನ ಕತ್ತಿಗೆ ತಿರುಗಿಸುವ ಒಂದು ಲೋಹದ ಉಂಗುರವನ್ನು ಸೇರಿಸಿದರು. ಉಂಗುರವನ್ನು ಸ್ವಲ್ಪ ತಿರುಗಿಸಿದರೆ ಅಲಗು ಮಡಚಿಕೊಳ್ಳುವ ಸೀಳು ಮುಚ್ಚಿಹೋಗುತ್ತದೆ. ಕಣ್ಣಿಗೆ ಕಾಣುವ, ಕೈಗೆ ತಿಳಿಯುವ ಲಾಕು ಇದು. ಆದರೆ ತಿರುಗಿಸಲು ಮರೆತರೆ ಲಾಕು ಇದ್ದೂ ಇಲ್ಲದಂತೆಯೇ.

ಕೊಳ್ಳುವಾಗ ನೋಡತಕ್ಕದ್ದು

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದಂದಿನಿಂದ ನಮ್ಮ ವ್ಯವಹಾರ ಹೀಗಿದೆ: ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಡಬ್ಬಿಯ ಮೇಲಿನ ಸೂಚನೆ ಇಂಗ್ಲಿಷು. ಮೂರನ್ನೂ ಬಲ್ಲವರು ಕಡಿಮೆ. ಆದುದರಿಂದ ಡಬ್ಬಿಯನ್ನು ಓದುವುದಕ್ಕಿಂತ ಚಾಕನ್ನೇ ಓದುವುದು ಒಳ್ಳೆಯದು.

ಅಳತೆ: ನಿಮ್ಮ ನಾಲ್ಕು ಬೆರಳುಗಳು ಹಿಡಿಯ ಮೇಲೆ ಪೂರ್ತಿ ಕೂರಬೇಕು. ಹೊಲದ ಕೆಲಸಕ್ಕೆ ಮೂರರಿಂದ ನಾಲ್ಕು ಅಂಗುಲದ ಅಲಗು ಸಾಕು. ಅದಕ್ಕಿಂತ ಉದ್ದವಾದರೆ ಜೇಬಿಗೂ ಭಾರ, ಕೆಲಸಕ್ಕೂ ತೊಡಕು.

ಉಕ್ಕು: ಸಾಮಾನ್ಯ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ನಿಂಬೆ, ಈರುಳ್ಳಿ ಕೊಯ್ದರೆ ಕಪ್ಪಾಗುತ್ತದೆ. ಆ ಕಪ್ಪು ದೋಷವಲ್ಲ. ಸ್ಟೀಲಿನ ಅಲಗು ತುಕ್ಕನ್ನು ತಡೆಯುತ್ತದೆ, ಮಸೆಯಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು. "ಅಯಸ್ಕಾಂತಕ್ಕೆ ಅಂಟಿದರೆ ಅದು ಸ್ಟೀಲಲ್ಲ" ಎಂದು ಕೆಲವರು ಹೇಳುವುದುಂಟು. ಚಾಕಿನ ವಿಷಯದಲ್ಲಿ ಈ ಮಾತು ತಪ್ಪು. ಹದ ಕೊಟ್ಟು ಗಟ್ಟಿ ಮಾಡಿದ ಚಾಕಿನ ಸ್ಟೀಲೂ ಅಯಸ್ಕಾಂತಕ್ಕೆ ಅಂಟುತ್ತದೆ.

ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕು ಬೇಡ. ಉತ್ತರ ಪ್ರದೇಶದ ರಾಂಪುರದ ಅಂಥ ಚಾಕು ಹಿಂದಿ ಚಲನಚಿತ್ರಗಳಿಂದ ದೇಶಕ್ಕೆಲ್ಲ ಪರಿಚಯವಾಯಿತು. ಪರಿಚಯವಾದದ್ದು ರೌಡಿಯ ಕೈಯಲ್ಲಿ, ರೈತನ ಕೈಯಲ್ಲಲ್ಲ. ಹೊಲದ ಕೆಲಸಕ್ಕೆ ಅದರ ಅಗತ್ಯವೂ ಇಲ್ಲ.

ಕಾನೂನಿನ ಮಾತು

1959ರ ಆಯುಧ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿ, ಕತ್ತಿಗಳನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳನ್ನು ಆ ಪಟ್ಟಿಯಿಂದ ಬಿಟ್ಟಿದ್ದಾರೆ. ನಾಲ್ಕು ಅಂಗುಲದ ಹೊಲದ ಚಾಕು ಈ ಅಳತೆಯೊಳಗೇ ಇದೆ. ಹಾಗೆಂದು ಎಲ್ಲ ಕಡೆಗೂ ಒಯ್ಯಬಾರದು. ಕೋರ್ಟು, ಕಚೇರಿ, ಚುನಾವಣೆಯ ಸಭೆ, ಜಾತ್ರೆಗಳಿಗೆ ಹೋಗುವಾಗ ಚಾಕು ಮನೆಯಲ್ಲೇ ಇರಲಿ. ದಸರೆಯ ರಾತ್ರಿ ದೇವರಗಟ್ಟಿನ ಬನ್ನಿ ಜಾತ್ರೆಯಲ್ಲಿ ಬಡಿಗೆಗಳಿಂದಲೇ ಎಷ್ಟು ತಲೆ ಒಡೆಯುತ್ತವೆಂಬುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದು ಪರೀಕ್ಷೆಗಳು

ಚಾಕು ಮನೆಗೆ ಬಂದ ದಿನವೇ ಈ ಪರೀಕ್ಷೆಗಳನ್ನು ಮಾಡತಕ್ಕದ್ದು. ಮಕ್ಕಳನ್ನು ದೂರ ಕಳುಹಿಸಿ, ಹಗಲು ಬೆಳಕಿನಲ್ಲಿ ಕುಳಿತು ಮಾಡಿರಿ.

ಒಂದು, ಅಲುಗಾಟ. ಚಾಕನ್ನು ತೆರೆದು, ಅಲಗಿನ ಬೆನ್ನು ಹಿಡಿದು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಮೆಲ್ಲಗೆ ಅಲ್ಲಾಡಿಸಿರಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಮೊಳೆಯ ಸ್ಕ್ರೂ ಬಿಗಿದು ಸರಿಪಡಿಸಬಹುದು. ಮೇಲೆ ಕೆಳಗೆ ಅಲುಗಿದರೆ ಲಾಕು ಸರಿಯಾಗಿ ಕೂತಿಲ್ಲವೆಂದು ಅರ್ಥ, ಅಂಗಡಿಗೆ ಹಿಂತಿರುಗಿಸಿರಿ.

ಎರಡು, ಮುಚ್ಚಿದ ಸ್ಥಿತಿ. ಮಡಚಿದ ಚಾಕನ್ನು ಅಲಗು ಕೆಳಮುಖವಾಗುವಂತೆ ಹಿಡಿದು ಹಲವು ಸಲ ಜೋರಾಗಿ ಜಾಡಿಸಿರಿ. ಅಲಗು ತಾನಾಗಿ ತೆರೆದುಕೊಂಡರೆ ಅದು ಜೇಬಿಗೆ ತಕ್ಕದ್ದಲ್ಲ. ಬಗ್ಗಿ ಹತ್ತಿ ಬಿಡಿಸುವಾಗ ತೊಡೆಗೆ ಚುಚ್ಚುವುದು ಇಂಥ ಚಾಕೇ.

ಮೂರು, ಲಾಕು. ಇದೇ ಮುಖ್ಯ ಪರೀಕ್ಷೆ. ಅಲಗಿನ ಬಾಯಿಗೆ ದಪ್ಪ ಬಟ್ಟೆ ಸುತ್ತಿ ಕಟ್ಟಿರಿ. ಹಿಡಿಯನ್ನು ಎರಡು ಪಕ್ಕಗಳಿಂದ ಮಾತ್ರ ಹಿಡಿಯಿರಿ. ಅಲಗು ಬಂದು ಕೂರುವ ಸೀಳಿನ ಕಡೆ ಒಂದು ಬೆರಳೂ ಇರಕೂಡದು. ಈಗ ಅಲಗಿನ ಬೆನ್ನನ್ನು ಮರದ ಹಲಗೆಯ ಮೇಲಿಟ್ಟು ನಿಧಾನವಾಗಿ ಒತ್ತಿರಿ. ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ. ಅನಂತರ ಬೆನ್ನಿನಿಂದ ಹಲಗೆಯನ್ನು ಬಾಗಿಲು ತಟ್ಟಿದಷ್ಟು ಮೆಲ್ಲಗೆ ಐದಾರು ಸಲ ತಟ್ಟಿರಿ. ಒಮ್ಮೆ ಜಾರಿದರೂ ಸರಿ, ಆ ಚಾಕು ನಪಾಸು. ಸುತ್ತಿಗೆಯಂತೆ ಜೋರಾಗಿ ಬಡಿಯಬೇಡಿರಿ. ಹಾಗೆ ಬಡಿದರೆ ಒಳ್ಳೆಯ ಲಾಕೂ ಕೆಡುತ್ತದೆ. ನನ್ನ ಹಳೆಯ ಚಾಕನ್ನು ಬೆರಳು ಮಾಗಿದ ಮೇಲೆ ಹೀಗೆ ಪರೀಕ್ಷಿಸಿದೆ. ಎರಡನೆಯ ತಟ್ಟಿಗೇ ಮಡಚಿಕೊಂಡಿತು. ಅರ್ಧ ನಿಮಿಷದ ಈ ಕೆಲಸವನ್ನು ಕೊಂಡ ದಿನವೇ ಮಾಡಿದ್ದರೆ!

ನಾಲ್ಕು, ಹರಿತ. ಒಂದು ಹಾಳೆಯನ್ನು ತೂಗುಬಿಟ್ಟು ಹಿಡಿದು ಅಂಚಿನಿಂದ ಕೊಯ್ಯಿರಿ. ಹರಿಯದೆ ನೆಟ್ಟಗೆ ಕೊಯ್ದರೆ ಹರಿತ ಸರಿಯಾಗಿದೆ. ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಬಾಯಿ ಮುಕ್ಕಾಗಿದೆ. ಹೆಬ್ಬೆರಳನ್ನು ಬಾಯಿಯ ಉದ್ದಕ್ಕೆ ಎಳೆದು ನೋಡುವ ರೂಢಿಯನ್ನು ಬಿಡಬೇಕು.

ಐದು, ಬಾಳಿಕೆ. ಬೆರಳು ದಪ್ಪದ ಹಗ್ಗವನ್ನು ಹಲಗೆಯ ಮೇಲಿಟ್ಟು ಅಲಗಿನ ಒಂದೇ ಭಾಗದಿಂದ ತುಂಡು ತುಂಡಾಗಿ ಕೊಯ್ಯಿರಿ. ಐದು ತುಂಡಿಗೊಮ್ಮೆ ಕಾಗದದ ಪರೀಕ್ಷೆ ಮಾಡಿರಿ. ಎಷ್ಟು ತುಂಡಿನ ಮೇಲೆ ಕಾಗದ ಹರಿಯತೊಡಗಿತೆಂಬುದನ್ನು ತಾರೀಖಿನೊಡನೆ ಬರೆದಿಡಿರಿ. ಮುಂದಿನ ಸಲ ಅದೇ ಹಗ್ಗವನ್ನೇ ಬಳಸಬೇಕು. ಬೇರೆ ಹಗ್ಗವಾದರೆ ಹೋಲಿಕೆ ತಪ್ಪುತ್ತದೆ. ನನ್ನ ಈಗಿನ ಚಾಕು ಮೊದಲ ಸಲ ಹದಿನೈದು ತುಂಡಿಗೆ ಸೋತಿತು. ಸರಿಯಾದ ಕೋನದಲ್ಲಿ ಮಸೆದ ಮೇಲೆ ಅದೇ ಹಗ್ಗದ ಮೂವತ್ತೈದು ತುಂಡು ಕೊಯ್ದಿತು. ಚಾಕು ಬದಲಾಗಲಿಲ್ಲ, ಮಸೆಯುವ ಕೈ ಬದಲಾಯಿತು.

ಮಸೆಯುವ ಕೋನ

ಕೋನ ಅಳೆಯಲು ಕಂಪಾಸಿನ ಪೆಟ್ಟಿಗೆ ಬೇಕಾಗಿಲ್ಲ. ಅಲಗನ್ನು ಸಾಣೆಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿರಿ. ಅಲಗಿನ ಅಗಲದ ಮೂರನೆಯ ಒಂದು ಪಾಲಿನಷ್ಟು ಬೆನ್ನನ್ನು ಮೇಲಕ್ಕೆತ್ತಿರಿ. ಆಗ ಸುಮಾರು 20 ಡಿಗ್ರಿ ಕೋನವಾಗುತ್ತದೆ. ಅಲಗು ಮುಕ್ಕಾಲು ಅಂಗುಲ ಅಗಲವಿದ್ದರೆ ಕಾಲು ಅಂಗುಲ ಎತ್ತಿದರೆ ಸರಿ. ಹೊಲದ ಕೆಲಸಕ್ಕೆ ಈ ಕೋನ ಹೊಂದುತ್ತದೆ. ಇನ್ನೂ ತೆಳ್ಳಗೆ ಮಸೆದರೆ ಹರಿತ ಹೆಚ್ಚು, ಆದರೆ ಜಾಲಿಯ ಕೊಂಬೆಗೆ ತಗುಲಿದೊಡನೆ ಮುಕ್ಕಾಗುತ್ತದೆ.

ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಒಂದೇ ಕೋನದಲ್ಲಿ, ಒಂದು ಪಕ್ಕವನ್ನು ಬುಡದಿಂದ ತುದಿಯವರೆಗೆ ಮಸೆಯಿರಿ. ಎದುರು ಪಕ್ಕದಲ್ಲಿ ಬೆರಳಿಗೆ ಸಣ್ಣ ಒರಟು ಎಳೆ ತಗುಲುವವರೆಗೆ ಮುಂದುವರಿಸಿರಿ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸರಿಸಿ ನೋಡಬೇಕು, ಬಾಯಿಯ ಉದ್ದಕ್ಕಲ್ಲ. ಆಮೇಲೆ ಇನ್ನೊಂದು ಪಕ್ಕ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತು ಸಲ ಎಳೆದರೆ ಆ ಒರಟು ಎಳೆ ಉದುರುತ್ತದೆ.

ನಮ್ಮ ಕೆಲಸಕ್ಕೆ ತಿದ್ದುವುದು

ಕೊಂಡ ಚಾಕು ಎಲ್ಲರಿಗಾಗಿ ಮಾಡಿದ್ದು. ಅದನ್ನು ನಮ್ಮ ಕೈಗೆ, ನಮ್ಮ ಎರೆ ಹೊಲಕ್ಕೆ ಹೊಂದಿಸಿಕೊಳ್ಳಬೇಕು.

ಹಿಡಿಯ ಮೂಲೆಗಳು ಕೈಗೆ ಒತ್ತುತ್ತಿದ್ದರೆ ಅರದಿಂದ ಉಜ್ಜಿ, ಉಪ್ಪುಕಾಗದದಿಂದ ನಯ ಮಾಡಿರಿ. ಹಿಡಿ ತೀರ ನುಣುಪಾಗಿದ್ದರೆ ಬೆವರಿಗೆ ಜಾರುತ್ತದೆ. ಮರದ ಹಿಡಿಯಾದರೆ ಅಡ್ಡಕ್ಕೆ ಸಣ್ಣ ಗೀರುಗಳನ್ನು ಹಾಕಿಕೊಳ್ಳಬಹುದು. ಹಿಡಿಯ ಬಾಲದಲ್ಲಿ ತೂತಿದ್ದರೆ ಒಂದು ಗೇಣು ಕೆಂಪು ದಾರ ಕಟ್ಟಿರಿ. ಎರೆ ನೆಲದಲ್ಲಿ, ಹತ್ತಿಯ ಸಾಲಿನಲ್ಲಿ ಬಿದ್ದ ಚಾಕು ಮತ್ತೆ ಸಿಕ್ಕುವುದು ಈ ದಾರದಿಂದಲೇ.

ದನಕರುಗಳ ನಡುವೆ ಕೆಲಸ ಮಾಡುವವರಿಗೆ ಅತಿ ಉಪಯುಕ್ತವಾದ ತಿದ್ದುಪಡಿ ಎಂದರೆ ಚೂಪು ತುದಿಯನ್ನು ಮೊಂಡು ಮಾಡುವುದು. ಬಾಯಿಯನ್ನು ಮುಟ್ಟದೆ, ಬೆನ್ನಿನ ಕಡೆಯಿಂದ ತುದಿಯನ್ನು ಇಳಿಜಾರಾಗಿ ಅರೆದು, ಕೊನೆಯನ್ನು ಗುಂಡಗೆ ಮಾಡಬೇಕು. ಆಗ ಅಲಗು ಹಗ್ಗದ ಕೆಳಗೆ ಹೋದರೂ ಚರ್ಮಕ್ಕೆ ಚುಚ್ಚುವುದಿಲ್ಲ. ಇದನ್ನು ಕೈಯಿಂದ ಕಲ್ಲಿನ ಮೇಲೆ ಮಾಡುವುದು ಉತ್ತಮ. ಸಾಣೆ ಚಕ್ರಕ್ಕೆ ಕೊಟ್ಟರೆ ಕ್ಷಣಕ್ಷಣಕ್ಕೂ ನೀರಿನಲ್ಲಿ ಅದ್ದಿಸಿರಿ. ಉಕ್ಕು ಬಿಸಿಯಾಗಿ ಹುಲ್ಲಿನ ಹಳದಿ, ಕಂದು, ಕೊನೆಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾಗುವುದು ಸುಮಾರು 300 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಆ ಹೊತ್ತಿಗೆ ಅಲ್ಲಿನ ಹದ ಹೋಗಿ ಉಕ್ಕು ಮೆತ್ತಗಾಗಿರುತ್ತದೆ. ಮತ್ತೆ ಎಷ್ಟು ಮಸೆದರೂ ಹರಿತ ನಿಲ್ಲದು. ಅಲಗನ್ನು ಒಲೆಯ ಬೆಂಕಿಗೆ ಹಿಡಿಯಬಾರದೆಂಬುದೂ ಇದಕ್ಕೇ.

ಮೊಳೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಶೇಂಗಾ ಎಣ್ಣೆ ಹಾಕಬೇಡಿರಿ; ಅದು ಕೆಲವು ದಿನಗಳಲ್ಲಿ ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ. ಲಾಕಿನ ಕಚ್ಚಿನಲ್ಲಿ ಎರೆ ಮಣ್ಣು ಕೂತರೆ ಲಾಕು ಪೂರ್ತಿ ಕೂರದು. ವಾರಕ್ಕೊಮ್ಮೆ ಬೇವಿನ ಕಡ್ಡಿಗೆ ಬಟ್ಟೆ ಸುತ್ತಿ ಅದನ್ನು ತೆಗೆಯಿರಿ.

ತಿದ್ದಬಾರದ್ದು ಒಂದಿದೆ, ಅದು ಲಾಕು. "ಬಿಗಿಯಾಗಿದೆ, ಸಲೀಸಾಗಿ ಮಡಚಲಿ" ಎಂದು ಲಾಕಿನ ಕೊಕ್ಕೆಯನ್ನು ಅರದಿಂದ ಉಜ್ಜುವವರಿದ್ದಾರೆ. ಹಾಗೆ ಉಜ್ಜಿದವನು ತನ್ನ ಬೆರಳಿನ ಬಾಗಿಲನ್ನು ತಾನೇ ತೆರೆದಿಟ್ಟಂತೆ.

ಬಳಸುವ ಕ್ರಮ

ದನದ ಕುತ್ತಿಗೆಯ ಹಗ್ಗ ಕೊಯ್ಯುವಾಗ ಇನ್ನೊಬ್ಬರು ಕೊಂಬು ಹಿಡಿಯಲಿ. ಅಲಗಿನ ಬೆನ್ನು ಚರ್ಮದ ಕಡೆ, ಬಾಯಿ ಹೊರಗಡೆ ಇರಲಿ. ಲಾಕು ಎಷ್ಟೇ ಒಳ್ಳೆಯದಾದರೂ ಅದು ಎರಡನೆಯ ಕಾವಲು. ಮೊದಲನೆಯ ಕಾವಲು ನಿಮ್ಮ ಎಚ್ಚರ. ಚಾಕಿನಿಂದ ಡಬ್ಬಿಯ ಮುಚ್ಚಳ ಮೀಟುವುದು, ಸ್ಕ್ರೂ ತಿರುಗಿಸುವುದು ಬೇಡ. ಹಾಗೂ ಒಂದೇ ಸಾಕೆನಿಸುವ ಕುಡುಗೋಲು ಕೈಗೆ ಸಿಕ್ಕುವಂತಿದ್ದರೆ ಅದನ್ನೇ ತೆಗೆದುಕೊಳ್ಳಿರಿ. ಮಡಚದ ಅಲಗಿಗೆ ಮಡಚುವ ಭಯವಿಲ್ಲ. ಇನ್ನೊಬ್ಬರ ಕೈಗೆ ಚಾಕು ಕೊಡುವಾಗ ಮಡಚಿ ಕೊಡಿರಿ.

ಗಾಯವಾದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಸುಣ್ಣ, ಕಾಫಿಪುಡಿ ತುಂಬಬೇಡಿರಿ. ತುಕ್ಕಿನಿಂದ ಧನುರ್ವಾಯು ಬರುತ್ತದೆಂದು ಜನ ನಂಬಿದ್ದಾರೆ. ನಿಜವಾಗಿ ಆ ರೋಗಾಣು ಇರುವುದು ಮಣ್ಣಿನಲ್ಲಿ, ಸೆಗಣಿಯಲ್ಲಿ. ಥಳಥಳಿಸುವ ಚಾಕಿನ ಗಾಯದಿಂದಲೂ ಅದು ಒಳಗೆ ಹೋಗಬಲ್ಲದು. ಆದುದರಿಂದ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ವೈದ್ಯರಲ್ಲಿ ತಪ್ಪದೆ ಕೇಳಿರಿ.

ಮನೆಯಲ್ಲಿ ಮಾಡಿ ನೋಡಿರಿ

ಒಂದು: ನಿಮ್ಮ ಮನೆಯ ಮಡಚು ಚಾಕುಗಳನ್ನೆಲ್ಲ ಹಲಗೆಯ ಮುಂದೆ ತಂದು ಲಾಕಿನ ಪರೀಕ್ಷೆ ಮಾಡಿರಿ. ಸೋತವುಗಳನ್ನು ಬೇರೆ ಇಡಿರಿ, ಯಾರಿಗೂ ಮಾರಬೇಡಿರಿ.

ಎರಡು: ಹಗ್ಗದ ಪರೀಕ್ಷೆಯನ್ನು ಮಸೆಯುವ ಮೊದಲು ಒಮ್ಮೆ, ಮಸೆದ ಮೇಲೆ ಒಮ್ಮೆ ಮಾಡಿ ಲೆಕ್ಕ ಬರೆಯಿರಿ. ಲೆಕ್ಕ ಬರೆಯುವ ಕೆಲಸವನ್ನು ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಒಪ್ಪಿಸಿರಿ. ಕನ್ನಡದಲ್ಲಿಯೇ ಬರೆಯಲಿ.

ಮೂರು: ಮಹಾನವಮಿಯ ದಿನ ನೇಗಿಲು, ಕುಡುಗೋಲುಗಳೊಡನೆ ಚಾಕನ್ನೂ ತೊಳೆದು ಕುಂಕುಮವಿಟ್ಟು ಆಯುಧ ಪೂಜೆ ಮಾಡುತ್ತೇವೆ. ಈ ಸಲ ಕುಂಕುಮವಿಡುವ ಮೊದಲು ಪ್ರತಿಯೊಂದರ ಬೆನ್ನನ್ನು ಹಲಗೆಗೆ ತಟ್ಟಿ ನೋಡಿರಿ. ನಮ್ಮ ಮನೆಯಲ್ಲಿ ಈಗ ಅದೇ ಪದ್ಧತಿ. ಬೆರಳು ಕೊಯ್ದ ಆ ಹಳೆಯ ಚಾಕನ್ನು ನಾನು ಎಸೆದಿಲ್ಲ. ಅಲಗನ್ನು ಕಮ್ಮಾರರಿಂದ ತೆಗೆಸಿ, ಬರಿಯ ಹಿಡಿಯನ್ನು ಪೂಜೆಯ ಮಣೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಮಕ್ಕಳು ಕೇಳಿದಾಗಲೆಲ್ಲ ಈ ಪಾಠ ಹೇಳಲು ಅದು ಬೇಕಾಗುತ್ತದೆ.